ಚಕ್ರವಾದರೆ ಮರಳಿ ಬರಬೇಕಲ್ಲವೇ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಸಕಲೇಶಪುರ, ಆಲೂರು ಕಡೆಯ ದೇವಾಲಯಗಳ ಅಂಗಳದಲ್ಲಿ ಮಳೆಯ ಮಾತು ಬಾರದಿರದು. ಹೂಮಳೆ ತಡವಾಯಿತು, ಆಗಸ್ಟ್ ಮಳೆಗೆ ಕಾಫಿ ಕಾಯಿ ಉದುರಿತು ಎಂಬ ಅಳಲಿನ ಕೊನೆಯಲ್ಲಿ ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ: "ಇದೆಲ್ಲ ಪ್ರಕೃತಿಯ ಚಕ್ರ, ಹಿಂದೆಯೂ ಹೀಗಾಗಿತ್ತು." ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕಾಗಿಯೇ ಅದನ್ನು ಎದುರಿಸಬೇಕು.

ಚಕ್ರಗಳು ಇರುವುದು ನಿಜ. ಎರಡರಿಂದ ಏಳು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದಲ್ಲಿ ತಲೆಯೆತ್ತುವ ಎಲ್ ನಿನೋ ನಮ್ಮ ಮುಂಗಾರನ್ನು ಅನೇಕ ಬಾರಿ ಕುಗ್ಗಿಸಿದೆ. 2019ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗವು ಪೂರ್ವಕ್ಕಿಂತ ಹೆಚ್ಚು ಬಿಸಿಯೇರಿ ಮಳೆಗೆ ಬಲ ತುಂಬಿತು. ಸೂರ್ಯನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುತ್ತವೆ. ಆದರೆ ಚಕ್ರವೆಂದ ಮೇಲೆ ಅದು ಹೊರಟಲ್ಲಿಗೆ ಮರಳಬೇಕು. ಭೂಮಿಯ ಉಷ್ಣತೆ ಮರಳಿಲ್ಲ. 1850–1900ರ ಸರಾಸರಿಗಿಂತ 2011–2020ರ ದಶಕದಲ್ಲಿ ಅದು ಸುಮಾರು 1.1 ಡಿಗ್ರಿ ಮೇಲಿತ್ತು. ಸೂರ್ಯನೇ ಕಾರಣನಾಗಿದ್ದರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ! ಶಾಖವನ್ನು ಕೆಳಗೇ ಹಿಡಿದಿಡುವ ಅನಿಲಗಳ ಗುರುತು ಅದು. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಈ ಏರಿಕೆಯ ಮುಖ್ಯ ಮೂಲ ನಾವು ಸುಡುವ ಕಲ್ಲಿದ್ದಲು ಮತ್ತು ತೈಲ.

ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಜ್ವಾಲಾಮುಖಿ, ಭೂಕಕ್ಷೆ, ಸೌರಚಕ್ರಗಳನ್ನು ಮರೆತಿರಲಿಲ್ಲ. ಅವನ್ನು ಹೆಸರಿಸಿಯೇ, ಇತ್ತೀಚಿನ ತಾಪದ ಬಹುಪಾಲು ಮನುಷ್ಯನಿಂದ ಬಂದುದೆಂದು ಅಧ್ಯಯನಗಳು ತೋರಿಸುತ್ತವೆ ಎಂದರು.

"ವಿಜ್ಞಾನಿಗಳಿಗೇ ಖಚಿತವಿಲ್ಲವಲ್ಲ" ಎನ್ನುವವರೂ ಇದ್ದಾರೆ. ಮುಂದಿನ ಮಾರ್ಚ್‌ನಲ್ಲಿ ಬಿಸಿಲೆಯಲ್ಲಿ ಎಷ್ಟು ಮಳೆ ಬೀಳುವುದೆಂದು ಖಂಡಿತ ಯಾರೂ ಹೇಳಲಾರರು. ಜ್ವರ ಯಾವ ಗಳಿಗೆಗೆ ಏರುವುದೆಂದು ವೈದ್ಯರಿಗೂ ತಿಳಿಯದು. ಹಾಗೆಂದು ರೋಗವನ್ನೇ ಅಲ್ಲಗಳೆಯುವ ಮನೆಯವರುಂಟೇ?

ಇದಕ್ಕೆ ವಿರುದ್ಧ ದಿಕ್ಕಿನ ಜಾಣತನವನ್ನೂ ನಾನು ಒಪ್ಪಲಾರೆ. 2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದ ಮೇಲೆ ಗುಡ್ಡಗಳು ಜರಿದಾಗ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದವರಿದ್ದರು. ಮಳೆ ಸುರಿದದ್ದು ನಿಜ. ಘಟ್ಟದ ಇಳಿಜಾರನ್ನು ಕಡಿದಾಗಿ ಕೊರೆದವರು, ತೋಟದ ಹಳೆಯ ನೆರಳುಮರಗಳನ್ನು ಉರುಳಿಸಿ ಸಿಲ್ವರ್ ಓಕ್ ನೆಟ್ಟವರು ಮನುಷ್ಯರೇ. ಅವರಲ್ಲಿ ನಮ್ಮ ಕುಟುಂಬಗಳೂ ಸೇರಿವೆ.

ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ದೇವಾಲಯವು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ನಮ್ಮ ಮಕ್ಕಳು ಋತುಚಕ್ರದಷ್ಟೇ ಸಹಜವೆಂದು ನೋಡುತ್ತಾರೆ. ಗೊರೂರಿನ ಅಣೆಕಟ್ಟೆಯಲ್ಲಿ ನೀರು ನಿಲ್ಲುವವರೆಗೆ ಆ ಗೋಡೆಗಳ ನಡುವೆ ಜನ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು.