ಟೆಂಟ್ ಹಾಳಾಗುವುದು ಬೆಟ್ಟದಲ್ಲಲ್ಲ, ಅಟ್ಟದಲ್ಲಿ: ಕ್ಯಾಂಪಿಂಗ್ ಸಾಮಾನು ಎತ್ತಿಡುವ ಬಗ್ಗೆ ನಂಬಿಕೆಗಳೇನು, ನಿಜವೇನು?

ಚಾರಣ ಮುಗಿಸಿ ಭಾನುವಾರ ರಾತ್ರಿ ಮನೆ ಸೇರಿದವರಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಟಾರ್ಚ್, ಸ್ಟೌ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿ, ಸೋಮವಾರದ ಆಫೀಸಿಗೆ ಸಿದ್ಧರಾಗುವುದು. ಮುಂದಿನ ಪ್ರವಾಸ ಮೂರು ತಿಂಗಳಿಗೋ ಆರು ತಿಂಗಳಿಗೋ. ಆಗ ಚೀಲ ಬಿಚ್ಚಿದರೆ ಟೆಂಟ್ ಮುಗ್ಗಲು ವಾಸನೆ ಹೊಡೆಯುತ್ತದೆ, ಟಾರ್ಚ್ ಒಳಗೆ ಬಿಳಿ ಪುಡಿ ಕಟ್ಟಿರುತ್ತದೆ, ಶೂ ಅಡಿಭಾಗ ಕಿತ್ತು ಬರುತ್ತದೆ. ಸಾಮಾನೇ ಕಳಪೆ ಎಂದು ಬೈಯುವವರೇ ಹೆಚ್ಚು.

ಚಾರಣಿಗರ ವಾಟ್ಸಾಪ್ ಗುಂಪುಗಳಲ್ಲಿ ಇದಕ್ಕೆ ಸಲಹೆಗಳ ಕೊರತೆ ಇಲ್ಲ. ನುಸಿಗುಳಿಗೆ ಹಾಕಿ, ದಿನವಿಡೀ ಬಿಸಿಲಿಗೆ ಹಾಕಿ, ಬ್ಯಾಟರಿಯನ್ನು ಫ್ರಿಜ್‌ನಲ್ಲಿಡಿ ಎಂಬ ಮಾತುಗಳು ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಅಪಾಯಕಾರಿ. ಕ್ಯಾಂಪಿಂಗ್ ಸಾಮಾನು ಬಳಸುವಾಗ ಸವೆಯುವುದಕ್ಕಿಂತ ಹೆಚ್ಚಾಗಿ ಮುಚ್ಚಿಟ್ಟಾಗ ಕೆಡುತ್ತದೆ. ಅದು ಏಕೆ, ಹೇಗೆ ಎಂದು ಒಂದೊಂದಾಗಿ ನೋಡೋಣ.

ನಂಬಿಕೆ 1: "ಮುಟ್ಟಿದರೆ ಒಣಗಿದೆ, ಇನ್ನು ಮಡಚಿಡಬಹುದು"

ಟೆಂಟ್ ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್. ಈ ಬಟ್ಟೆ ಬೇಗ ಒಣಗುತ್ತದೆ, ನಿಜ. ಆದರೆ ಹೊಲಿಗೆ, ಜಿಪ್‌ ಪಕ್ಕದ ಪಟ್ಟಿ, ಮೂಲೆಯ ದಪ್ಪ ಲಾಡಿಗಳಲ್ಲಿ ನೀರು ಗಂಟೆಗಟ್ಟಲೆ ಉಳಿಯುತ್ತದೆ. ಮಳೆಯೇ ಬರದಿದ್ದರೂ ರಾತ್ರಿ ನಮ್ಮ ಉಸಿರಿನ ಹಬೆ ಟೆಂಟ್ ಒಳಗೋಡೆಗೆ ಹನಿಯಾಗಿ ಕೂರುತ್ತದೆ. ಅದನ್ನು ಹಾಗೆಯೇ ಸುತ್ತಿಟ್ಟರೆ ಎರಡು ಬಗೆಯ ಹಾನಿ ಶುರುವಾಗುತ್ತದೆ.

ಮೊದಲನೆಯದು ಬೂಷ್ಟು. ತೇವಾಂಶ ಸುಮಾರು ಶೇ. 70 ದಾಟಿದ ಕಡೆ ಬೂಷ್ಟು ಸುಲಭವಾಗಿ ಬೆಳೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದುದ್ದಕ್ಕೂ ಗಾಳಿಯ ತೇವಾಂಶ ಇದಕ್ಕಿಂತ ಹೆಚ್ಚೇ ಇರುತ್ತದೆ. ಬೀರುವಿನಲ್ಲಿರುವ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುವ ಊರುಗಳಲ್ಲಿ ಒದ್ದೆ ಟೆಂಟಿನ ಗತಿ ಹೇಳಬೇಕಿಲ್ಲ. ನೈಲಾನನ್ನು ಬೂಷ್ಟು ತಿನ್ನುವುದಿಲ್ಲ, ಆದರೆ ಅದಕ್ಕೆ ಅಂಟಿದ ಮಣ್ಣು, ಎಲೆ, ಊಟದ ಜಿಡ್ಡನ್ನು ತಿಂದು ಬೆಳೆಯುತ್ತದೆ. ಕಲೆ ಹೋಗುವುದಿಲ್ಲ ಎಂಬುದಷ್ಟೇ ಚಿಂತೆಯಲ್ಲ. ಮುಚ್ಚಿದ ಟೆಂಟಿನಲ್ಲಿ ರಾತ್ರಿಯಿಡೀ ಆ ಕಣಗಳನ್ನು ಉಸಿರಾಡಿದರೆ ಆಸ್ತಮಾ, ಅಲರ್ಜಿ ಇರುವವರಿಗೆ ತೊಂದರೆ ಕೆರಳಬಹುದು.

ಎರಡನೆಯದು ಕಣ್ಣಿಗೆ ಕಾಣದ ಹಾನಿ. ಹೆಚ್ಚಿನ ಟೆಂಟುಗಳಿಗೆ ನೀರು ಇಳಿಯದಂತೆ ಒಳಬದಿಗೆ ಪಾಲಿಯುರೆಥೇನ್ ಎಂಬ ತೆಳು ಲೇಪ ಹಚ್ಚಿರುತ್ತಾರೆ. ತೇವ ಮತ್ತು ಬಿಸಿ ಸೇರಿದರೆ ನೀರಿನ ಅಣುಗಳು ಈ ಲೇಪದ ರಾಸಾಯನಿಕ ಕೊಂಡಿಗಳನ್ನು ನಿಧಾನವಾಗಿ ತುಂಡರಿಸುತ್ತವೆ. ಲೇಪ ಅಂಟಂಟಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಕೊನೆಗೆ ಸಿಪ್ಪೆಯಂತೆ ಉದುರುತ್ತದೆ. ಒಮ್ಮೆ ಹೀಗಾದರೆ ಯಾವ ಸೋಪಿನಿಂದಲೂ ಸರಿಹೋಗದು. ಟೆಂಟ್ ನೋಡಲು ಚೆನ್ನಾಗಿಯೇ ಇರುತ್ತದೆ, ಮಳೆ ಬಿದ್ದ ರಾತ್ರಿ ಮಾತ್ರ ಸೋರುತ್ತದೆ. ಕಾಡಿನ ನಡುವೆ, ಚಳಿಯಲ್ಲಿ, ಮಕ್ಕಳ ಜೊತೆ ಇದ್ದಾಗ ಹೀಗೆ ನೆನೆಯುವುದು ಸಣ್ಣ ವಿಷಯವಲ್ಲ.

ಮಾಡಬೇಕಾದದ್ದು: ಮನೆಗೆ ಬಂದ ರಾತ್ರಿಯೇ ಟೆಂಟನ್ನು ಚೀಲದಿಂದ ಹೊರತೆಗೆದು ಫ್ಯಾನಿನ ಕೆಳಗೆ ಅಥವಾ ಬಟ್ಟೆ ಹಗ್ಗದ ಮೇಲೆ ಹರಡಿ. ಬಟ್ಟೆ ಒಣಗಿದ ಮೇಲೂ ಇನ್ನೊಂದು ದಿನ ಬಿಡಿ. ಕೊಳೆಯಾಗಿದ್ದರೆ ತಣ್ಣೀರು, ಸೌಮ್ಯ ಸೋಪು, ಮೆತ್ತನೆಯ ಸ್ಪಂಜು ಸಾಕು. ವಾಷಿಂಗ್ ಮೆಷಿನ್, ಬ್ಲೀಚ್, ಬಿಸಿನೀರು ಬೇಡ.

ನಂಬಿಕೆ 2: "ದಿನವಿಡೀ ಬಿಸಿಲಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ"

ಹಾಸಿಗೆ, ಕಂಬಳಿಗೆ ಬಿಸಿಲು ತೋರಿಸುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಹತ್ತಿ, ಉಣ್ಣೆಗೆ ಅದು ಒಳ್ಳೆಯದೇ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳು ನೈಲಾನ್, ಪಾಲಿಯೆಸ್ಟರ್ ಎಳೆಗಳನ್ನು ದುರ್ಬಲಗೊಳಿಸುತ್ತವೆ. ಟೆರೇಸಿನ ಮೇಲೆ ವರ್ಷಗಟ್ಟಲೆ ಬಿದ್ದ ಪ್ಲಾಸ್ಟಿಕ್ ಬಕೆಟ್ ಕೈ ತಾಗಿದರೆ ಚೂರಾಗುವುದನ್ನು ನೋಡಿದ್ದೀರಲ್ಲ, ಅದೇ ಕಥೆ. ಒಂದೆರಡು ಗಂಟೆಯ ಎಳೆಬಿಸಿಲಿನಿಂದ ಟೆಂಟ್ ಹಾಳಾಗುವುದಿಲ್ಲ. ಆದರೆ ಪ್ರತಿ ಸಲ ಬೆಳಗಿನಿಂದ ಸಂಜೆವರೆಗೆ ಟೆರೇಸಿನಲ್ಲಿ ಬಿಟ್ಟರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಒಣಗಿಸಲು ಬೇಕಾದದ್ದು ಗಾಳಿ. ನೆರಳಿದ್ದರೂ ಗಾಳಿ ಆಡಿದರೆ ಸಾಕು.

ನಂಬಿಕೆ 3: "ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ತೇವ ಹೋಗುತ್ತದೆ"

ಸಣ್ಣ ಲೆಕ್ಕ ಹಾಕೋಣ. ಸಿಲಿಕಾ ಜೆಲ್ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರು ಹೀರಬಲ್ಲದು. 5 ಗ್ರಾಂ ಪೊಟ್ಟಣ ಹೀರುವುದು 2 ಗ್ರಾಮಿಗಿಂತ ಕಡಿಮೆ. ಒದ್ದೆ ಟೆಂಟಿನಲ್ಲಿ ಕಾಲು ಲೀಟರ್ ನೀರು ಉಳಿದಿದೆ ಎಂದುಕೊಂಡರೂ ಅದು 250 ಗ್ರಾಂ ಆಯಿತು. ನೂರಕ್ಕೂ ಹೆಚ್ಚು ಪೊಟ್ಟಣ ಬೇಕು! ಮೇಲಾಗಿ ಗಾಳಿ ಆಡುವ ಚೀಲದಲ್ಲಿ ಇಟ್ಟ ಪೊಟ್ಟಣ ಹೊರಗಿನ ಗಾಳಿಯ ತೇವವನ್ನೇ ಹೀರಿ ಬೇಗ ತುಂಬಿಹೋಗುತ್ತದೆ.

ಹಾಗಾದರೆ ಇದು ಉಪಯೋಗವೇ ಇಲ್ಲವೇ? ಇದೆ. ಮೊದಲೇ ಒಣಗಿರುವ ಹೆಡ್‌ಲ್ಯಾಂಪ್, ದಿಕ್ಸೂಚಿ, ಕ್ಯಾಮೆರಾದಂಥ ವಸ್ತುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡುವಾಗ ಜೊತೆಗೊಂದು ಪೊಟ್ಟಣ ಹಾಕಬಹುದು. ಸಿಲಿಕಾ ಜೆಲ್ ಒಣಗಿದ್ದನ್ನು ಒಣಗಿದಂತೆ ಕಾಪಾಡುತ್ತದೆ, ಒದ್ದೆಯನ್ನು ಒಣಗಿಸುವುದಿಲ್ಲ. ಚಿಕ್ಕ ಮಕ್ಕಳ ಕೈಗೆ ಮಾತ್ರ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ.

ನಂಬಿಕೆ 4: "ನಾಲ್ಕು ನುಸಿಗುಳಿಗೆ ಹಾಕಿಬಿಡಿ, ಯಾವ ಹುಳವೂ ಬರಲ್ಲ"

ಇದು ನಾವು ಖಂಡಿತ ಬೇಡ ಎನ್ನುವ ಸಲಹೆ. ಬಟ್ಟೆ ತಿನ್ನುವ ನುಸಿಗೆ ಬೇಕಾದದ್ದು ಉಣ್ಣೆ, ರೇಷ್ಮೆ, ಹಕ್ಕಿಯ ತುಪ್ಪಳ. ನೈಲಾನ್ ಟೆಂಟಿನಲ್ಲಿ ಅದಕ್ಕೆ ಊಟವೇ ಇಲ್ಲ. ನುಸಿಗುಳಿಗೆ ತೇವವನ್ನೂ ಹೀರುವುದಿಲ್ಲ, ಹಾಗಾಗಿ ಬೂಷ್ಟಿಗೂ ಇದು ಮದ್ದಲ್ಲ.

ಅಪಾಯ ಇನ್ನೊಂದು ಕಡೆ ಇದೆ. ಸಾಂಪ್ರದಾಯಿಕ ನುಸಿಗುಳಿಗೆಯಲ್ಲಿರುವುದು ನ್ಯಾಫ್ತಲೀನ್. ಅದರ ಆವಿ ಬಟ್ಟೆಯಲ್ಲಿ ಕೂರುತ್ತದೆ. ಆರು ತಿಂಗಳು ಆ ವಾಸನೆ ಹೀರಿದ ಸ್ಲೀಪಿಂಗ್ ಬ್ಯಾಗಿನೊಳಗೆ ಮುಖ ಮುಚ್ಚಿ ಮಲಗಿದರೆ ರಾತ್ರಿಯಿಡೀ ಅದನ್ನೇ ಉಸಿರಾಡಿದಂತೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ, ಅದರಲ್ಲೂ ಹಸುಗೂಸುಗಳಲ್ಲಿ, ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆದುಹಾಕಬಲ್ಲದು. ಇಂಥ ಕೊರತೆ ಇರುವುದು ಎಷ್ಟೋ ಕುಟುಂಬಗಳಿಗೆ ತಿಳಿದಿರುವುದೇ ಇಲ್ಲ. ಬಣ್ಣದ ಗುಳಿಗೆಯನ್ನು ಮಿಠಾಯಿ ಎಂದು ಮಗು ಬಾಯಿಗೆ ಹಾಕಿಕೊಳ್ಳುವ ಭಯವೂ ಇದೆ. ಬದಲಿಗೆ ಕರ್ಪೂರ ಇಡುತ್ತೇವೆ ಎನ್ನುವವರು ಗಮನಿಸಿ: ಕರ್ಪೂರ ನುಂಗಿದ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು.

ನಂಬಿಕೆ 5: "ಬಿಗಿಯಾಗಿ ಕಟ್ಟಿಟ್ಟಷ್ಟೂ ಭದ್ರ"

ಸ್ಲೀಪಿಂಗ್ ಬ್ಯಾಗ್ ನಮ್ಮನ್ನು ಬೆಚ್ಚಗಿಡುವುದು ತನ್ನ ಒಳಗೆ ಹಿಡಿದಿಟ್ಟ ಗಾಳಿಯಿಂದ. ತುಪ್ಪಳವಾಗಲಿ, ಪಾಲಿಯೆಸ್ಟರ್ ಹತ್ತಿಯಾಗಲಿ, ಉಬ್ಬಿದ್ದಷ್ಟೂ ಗಾಳಿ ಹೆಚ್ಚು. ಪ್ರಯಾಣಕ್ಕೆಂದು ಕೊಟ್ಟ ಪುಟ್ಟ ಚೀಲದಲ್ಲಿ ತಿಂಗಳುಗಟ್ಟಲೆ ಹಿಂಡಿಟ್ಟರೆ ಆ ಉಬ್ಬು ಮರಳಿ ಬರುವುದಿಲ್ಲ. ದಿಂಬನ್ನು ವರ್ಷಗಟ್ಟಲೆ ಪೆಟ್ಟಿಗೆಯ ತಳದಲ್ಲಿ ಒತ್ತಿಟ್ಟಂತೆ. ಮುಂದಿನ ಚಾರಣದಲ್ಲಿ ಅದೇ ಬ್ಯಾಗ್, ಅದೇ ಚಳಿ, ಆದರೆ ಮೈ ನಡುಗುತ್ತದೆ.

ಆ ಪುಟ್ಟ ಚೀಲ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಬೀರುವಿನೊಳಗೆ ತೂಗುಹಾಕಿ ಅಥವಾ ಹಳೆಯ ದಿಂಬಿನ ಕವರಿನಂಥ ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಇಡಿ. ಗಾಳಿ ತುಂಬುವ ಮ್ಯಾಟ್ ಇದ್ದರೆ ಅದರ ಮುಚ್ಚಳ ತೆರೆದಿರಲಿ. ನೀರಿನ ಬಾಟಲಿ, ಹೀರುಕೊಳವೆಯ ನೀರಿನ ಚೀಲ ತೊಳೆದು ಒಣಗಿಸಿ, ಬಾಯಿ ತೆರೆದೇ ಇಡಿ.

ನಂಬಿಕೆ 6: "ಕಡಿಮೆ ಬಳಸಿದ ಶೂ, ಇನ್ನೂ ಹೊಸದೇ"

ಟೆಂಟಿನ ಲೇಪಕ್ಕೆ ಆದದ್ದೇ ಶೂವಿಗೂ ಆಗುತ್ತದೆ. ಹಲವು ಚಾರಣ ಶೂಗಳ ಅಡಿಭಾಗದ ಮೆತ್ತನೆಯ ಪದರ ಪಾಲಿಯುರೆಥೇನ್‌ನದ್ದು. ಡಬ್ಬದಲ್ಲಿ ಜೋಪಾನವಾಗಿಟ್ಟರೂ ಗಾಳಿಯ ತೇವ ಅದನ್ನು ವರ್ಷಗಳಲ್ಲಿ ಮುರುಕಲಾಗಿಸುತ್ತದೆ. ನೋಡಲು ಹೊಸದರಂತಿರುವ ಶೂ ಬೆಟ್ಟದ ಅರ್ಧ ದಾರಿಯಲ್ಲಿ ಅಡಿಭಾಗ ಕಳಚಿಕೊಳ್ಳುವುದು ಇದಕ್ಕೇ. ಹಳೆಯ ಶೂ ಹಾಕಿಕೊಂಡು ಹೊರಡುವ ಮುನ್ನ ಅಡಿಭಾಗವನ್ನು ಬಲವಾಗಿ ಬಗ್ಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಆ ಶೂ ಬಿಟ್ಟುಬಿಡಿ.

ನಂಬಿಕೆ 7: "ಬ್ಯಾಟರಿಯಿಂದ ಆಸಿಡ್ ಸೋರಿದೆ, ಫ್ರಿಜ್‌ನಲ್ಲಿಡಬೇಕಿತ್ತು"

ಸಾಮಾನ್ಯ ಆಲ್ಕಲೈನ್ ಸೆಲ್‌ಗಳಿಂದ ಸೋರುವುದು ಆಸಿಡ್ ಅಲ್ಲ, ಅದಕ್ಕೆ ವಿರುದ್ಧವಾದ ಕ್ಷಾರ. ಅದರ ಹೆಸರು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಗಾಳಿ ತಾಗಿದಾಗ ಅದೇ ಬಿಳಿ ಪುಡಿಯಾಗುತ್ತದೆ. ಚರ್ಮ, ಕಣ್ಣು ಸುಡುವ ಶಕ್ತಿ ಇದಕ್ಕಿದೆ, ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿಕೊಂಡು, ಹತ್ತಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಿದರೆ ಕ್ಷಾರ ತಟಸ್ಥವಾಗುತ್ತದೆ. ಫ್ರಿಜ್ ಅಗತ್ಯವೇ ಇಲ್ಲ. ಹೊರತೆಗೆದಾಗ ತಣ್ಣನೆಯ ಸೆಲ್ ಮೇಲೆ ನೀರಹನಿ ಕೂರುವುದರಿಂದ ತೊಂದರೆಯೇ ಹೆಚ್ಚು. ಪ್ರವಾಸ ಮುಗಿದ ಕೂಡಲೇ ಟಾರ್ಚ್, ಹೆಡ್‌ಲ್ಯಾಂಪ್‌ನಿಂದ ಸೆಲ್ ತೆಗೆದಿಡುವುದೇ ಸರಿಯಾದ ಉಪಾಯ.

ಪವರ್‌ಬ್ಯಾಂಕಿನಂಥ ಲಿಥಿಯಂ ಅಯಾನ್ ಬ್ಯಾಟರಿಗಳ ಲೆಕ್ಕ ಬೇರೆ. ಇವುಗಳನ್ನು ಪೂರ್ತಿ ಚಾರ್ಜ್ ಮಾಡಿಯೂ ಇಡಬಾರದು, ಪೂರ್ತಿ ಖಾಲಿಯಾಗಿಯೂ ಇಡಬಾರದು. ಸುಮಾರು ಅರ್ಧ ಚಾರ್ಜ್ ಮಾಡಿ ತಂಪಾದ ಜಾಗದಲ್ಲಿಡಿ, ಕೆಲವು ತಿಂಗಳಿಗೊಮ್ಮೆ ನೋಡಿ. ಉಬ್ಬಿದ ಪವರ್‌ಬ್ಯಾಂಕನ್ನು ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಅತಿ ಮುಖ್ಯ: ಉಳಿದ ಗ್ಯಾಸ್ ಎಲ್ಲಿಡುವುದು?

ಕ್ಯಾಂಪಿಂಗ್ ಸ್ಟೌ ಜೊತೆ ಬರುವ ಪುಟ್ಟ ಗ್ಯಾಸ್ ಡಬ್ಬಿಯಲ್ಲಿರುವುದು ಬ್ಯುಟೇನ್, ಪ್ರೊಪೇನ್ ಜಾತಿಯ ಅನಿಲ, ಅಡುಗೆಮನೆಯ ಸಿಲಿಂಡರಿನ ನೆಂಟ. ಗಾತ್ರ ಚಿಕ್ಕದು ಎಂದು ಸ್ಪ್ರೇ ಡಬ್ಬಿಯಂತೆ ಎಲ್ಲೆಂದರಲ್ಲಿ ಇಡುತ್ತಾರೆ. 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ಒಡ್ಡಬಾರದು ಎಂಬ ಎಚ್ಚರಿಕೆ ಇಂಥ ಡಬ್ಬಿಗಳ ಮೇಲೆಯೇ ಇರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಬೇಸಿಗೆಯಲ್ಲಿ ಅಷ್ಟು ಬಿಸಿ ಏರುವುದು ಕಷ್ಟವಲ್ಲ. ಶೀಟು ಹೊದಿಸಿದ ಮನೆಯ ಅಟ್ಟ, ಒಲೆಯ ಮೇಲಿನ ಕಪಾಟು ಕೂಡ ಸರಿಯಾದ ಜಾಗವಲ್ಲ.

ಇನ್ನೊಂದು ವಿಷಯ: ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೆಲದಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಮಂಚದ ಕೆಳಗೆ, ಮುಚ್ಚಿದ ಬೀರುವಿನಲ್ಲಿ, ದೇವರ ದೀಪ ಹಚ್ಚುವ ಕೋಣೆಯಲ್ಲಿ ಇಡಲೇಬಾರದು. ಸ್ಟೌನಿಂದ ಡಬ್ಬಿ ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ನೆರಳಿರುವ, ಗಾಳಿಯಾಡುವ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಖಾಲಿಯಾಯಿತು ಅನ್ನಿಸಿದರೂ ಒಳಗೆ ಸ್ವಲ್ಪ ಉಳಿದಿರುತ್ತದೆ. ಬೆಂಕಿಗೆ ಎಸೆಯಬೇಡಿ. ಮನೆಯಲ್ಲಿ ಮರುಭರ್ತಿ ಮಾಡುವ ವೀಡಿಯೋಗಳನ್ನು ನಂಬಬೇಡಿ. ಮುಂದಿನ ಪ್ರವಾಸಕ್ಕೆ ರೈಲಿನಲ್ಲಿ, ವಿಮಾನದಲ್ಲಿ ಒಯ್ಯುವುದಂತೂ ನಿಷಿದ್ಧ. 2023ರ ಆಗಸ್ಟ್‌ನಲ್ಲಿ ಮದುರೈ ಬಳಿ ನಿಂತಿದ್ದ ಪ್ರವಾಸಿಗರ ರೈಲು ಬೋಗಿಯಲ್ಲಿ ಅಕ್ರಮವಾಗಿ ತಂದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಮಂದಿ ಸತ್ತದ್ದು ನೆನಪಿರಲಿ.

ಸಾಮಾನಿನ ಜೊತೆ ಬರುವ ಅತಿಥಿಗಳು

ಮಲೆನಾಡಿನ ಕಾಡಿನಿಂದ ಬರುವವರು ಉಣುಗುಗಳ ಬಗ್ಗೆ ಎಚ್ಚರ ವಹಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ. ಡಿಸೆಂಬರಿನಿಂದ ಮೇ ತನಕ ಇದರ ಕಾಟ ಹೆಚ್ಚು, ಚಾರಣಕ್ಕೆ ಹೋಗುವ ಒಣ ತಿಂಗಳುಗಳೂ ಅವೇ. ಎಳ್ಳುಕಾಳಿನಷ್ಟು ಸಣ್ಣ ಉಣುಗು ಮ್ಯಾಟ್, ಚೀಲದ ಮಡಿಕೆಯಲ್ಲಿ ಕೂತು ಮನೆಗೆ ಬರಬಹುದು. ಸಾಮಾನನ್ನು ಮನೆಯೊಳಗೆ ತರುವ ಮುನ್ನ ಹೊರಗೇ ಕೊಡವಿ, ಮಡಿಕೆಗಳನ್ನು ಪರೀಕ್ಷಿಸಿ. ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆಯಿರಿ. ಕಾಡಿನಿಂದ ಬಂದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಬಿಸ್ಕತ್ತಿನ ಪುಡಿ, ಕಡಲೆಬೀಜ ಚೀಲದ ಜೇಬಿನಲ್ಲಿ ಉಳಿದರೆ ಅಟ್ಟದ ಇಲಿಗೆ ಆಹ್ವಾನ. ಚೀಲ ಕಡಿಯುವುದಷ್ಟೇ ಅಲ್ಲ, ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಎಲ್ಲ ಜೇಬುಗಳನ್ನೂ ಖಾಲಿ ಮಾಡಿ ಒರೆಸಿಯೇ ಎತ್ತಿಡಿ.

ಚಿಕ್ಕ ಮನೆಯವರು ಏನು ಮಾಡಬೇಕು?

ಎರಡು ಕೋಣೆಯ ಮನೆಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ ಎಂದು ಕೇಳಬಹುದು. ಪ್ರತ್ಯೇಕ ಕೋಣೆ ಬೇಕಿಲ್ಲ. ಟೆಂಟ್, ಸ್ಲೀಪಿಂಗ್ ಬ್ಯಾಗ್ ಬೀರುವಿನಲ್ಲಿ ಸಡಿಲವಾಗಿರಲಿ. ಹೊರಗೋಡೆಗೆ ತಾಗಿದ, ಮಳೆಗಾಲದಲ್ಲಿ ತಂಪು ಹಿಡಿಯುವ ಮೂಲೆ ಬೇಡ. ಅಟ್ಟದಲ್ಲಿ ಪಾತ್ರೆ, ಟೆಂಟಿನ ಗೂಟಗಳಂಥ ಬಿಸಿಗೆ ಹೆದರದ ಸಾಮಾನು ಇಡಿ. ಸೆಲ್‌ಗಳು ಬೇರೆ ಡಬ್ಬಿಯಲ್ಲಿರಲಿ. ಗ್ಯಾಸ್ ಎಲ್ಲಕ್ಕಿಂತ ದೂರ, ಗಾಳಿಯಾಡುವ ಕಡೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ಬಿಚ್ಚಿ ಗಾಳಿಗೆ ಹರಡಿ, ಮೂಸಿ ನೋಡಿ. ಮುಗ್ಗಲು ವಾಸನೆಯೇ ಮೊದಲ ಎಚ್ಚರಿಕೆ.

ನೆನಪಿಡಲು ನಾಲ್ಕೇ ಮಾತು: ಒಣಗಿರಲಿ, ಸಡಿಲವಾಗಿರಲಿ, ತಂಪಾಗಿರಲಿ, ಬೇರೆ ಬೇರೆಯಾಗಿರಲಿ. ಇದಕ್ಕೆ ಗುಳಿಗೆಯೂ ಬೇಡ, ಪೊಟ್ಟಣವೂ ಬೇಡ, ಬೇಕಿರುವುದು ಪ್ರವಾಸದಿಂದ ಬಂದ ರಾತ್ರಿ ಒಂದರ್ಧ ಗಂಟೆ. ನಿಮ್ಮ ಚಾರಣದ ಗುಂಪಿನಲ್ಲಿ ನುಸಿಗುಳಿಗೆಯ ಸಲಹೆ ಮತ್ತೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ನಾಲ್ಕು ಮಾತು ಕಳಿಸಿ.