ಕೇಸ್ ಶೀಟ್ ತಂದಿದ್ದೀರಾ?

ರೋಗಿಗಳ ಪರವಾಗಿ ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳನ್ನು ನಡೆಸುತ್ತಲೇ ತಲೆ ನರೆಸಿಕೊಂಡ ವಕೀಲ ಮಿತ್ರರೊಬ್ಬರು ನನಗಿದ್ದಾರೆ. ಬಂದವರಿಗೆ ಅವರು ಕೇಳುವ ಮೊದಲ ಪ್ರಶ್ನೆ: ‘ಕೇಸ್ ಶೀಟ್ ತಂದಿದ್ದೀರಾ?’ ಮನೆಯವರನ್ನು ಕಳೆದುಕೊಂಡು ಬಂದವರಿಗೆ ಇದು ಒರಟು ಮಾತು ಎನಿಸುತ್ತದೆ. ಆದರೆ ಆ ಕಾಗದಗಳಿಲ್ಲದೆ ಅವರು ಒಂದು ಹೆಜ್ಜೆಯನ್ನೂ ಮುಂದಿಡುವಂತಿಲ್ಲ.

1980ರ ದಶಕದಲ್ಲಿ ಅವರು ಕಪ್ಪು ಕೋಟು ತೊಟ್ಟಾಗ ಇಂಥ ದಾವೆಗಳೇ ಅಪರೂಪ. ಸಿವಿಲ್ ಕೋರ್ಟಿಗೆ ಶುಲ್ಕ ಕಟ್ಟಿ ವರ್ಷಗಟ್ಟಲೆ ಅಲೆಯಬೇಕಿತ್ತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದರೂ ರೋಗಿ ಗ್ರಾಹಕನೇ ಎಂಬ ಜಗಳ ಮುಗಿಯಲಿಲ್ಲ. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರ ನವೆಂಬರ್ 13ರಂದು ಅದನ್ನು ಬಗೆಹರಿಸಿತು. ಹಣ ಪಡೆದು ಕೊಡುವ ಚಿಕಿತ್ಸೆ ‘ಸೇವೆ’ಯೇ ಎಂದಾಯಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. ಅಂಥಲ್ಲಿ ಪೆಟ್ಟು ತಿಂದ ಬಡವನಿಗೆ ಇಂದಿಗೂ ಹಳೆಯ ಸಿವಿಲ್ ಕೋರ್ಟೇ ಗತಿ.

‘ನನ್ನ ಕೆಲಸದಲ್ಲಿ ಅರ್ಧ ಭಾಗ ಬೇಡ ಎನ್ನುವುದು’ ಎನ್ನುತ್ತಾರೆ ಮಿತ್ರರು. ರೋಗಿ ಸತ್ತ ಮಾತ್ರಕ್ಕೆ ವೈದ್ಯ ತಪ್ಪಿತಸ್ಥನಲ್ಲ. ಅದೇ ವೃತ್ತಿಯ ಜವಾಬ್ದಾರಿಯುತ ವೈದ್ಯರು ಒಪ್ಪುವ ರೀತಿಯಲ್ಲಿ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯವಲ್ಲ. ಇದು 1957ರಲ್ಲಿ ಇಂಗ್ಲೆಂಡಿನ ಬೋಲಂ ಪ್ರಕರಣದಲ್ಲಿ ಹುಟ್ಟಿದ ಅಳತೆಗೋಲು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು. ಹೀಗಾಗಿ ಒಬ್ಬ ವೈದ್ಯನ ತಪ್ಪನ್ನು ಇನ್ನೊಬ್ಬ ವೈದ್ಯನೇ ಹೇಳಬೇಕು. ‘ಹೌದ್ರೀ, ತಪ್ಪಾಗಿದೆ’ ಎಂದು ಕಿವಿಯಲ್ಲಿ ಹೇಳುವವರು ಸಿಗುತ್ತಾರೆ. ಬರೆದುಕೊಡಿ ಎಂದರೆ ಹಿಂದೆ ಸರಿಯುತ್ತಾರೆ.

ಅನುರಾಧಾ ಸಾಹಾ ಅವರ ಪ್ರಕರಣವನ್ನೇ ನೋಡಿ. ಕೋಲ್ಕತ್ತದಲ್ಲಿ ಚರ್ಮದ ಕಾಯಿಲೆಗೆ ಅತಿಯಾದ ಪ್ರಮಾಣದಲ್ಲಿ ಸ್ಟೀರಾಯ್ಡ್ ಪಡೆದಿದ್ದ ಅವರು 1998ರಲ್ಲಿ ತೀರಿಕೊಂಡರು. ಸುಮಾರು 6 ಕೋಟಿ ರೂಪಾಯಿ ಪರಿಹಾರದ ಅಂತಿಮ ಆದೇಶ ಬಂದದ್ದು 2013ರಲ್ಲಿ. ದಾವೆ ನಡೆಸಿದ ಪತಿ ಸ್ವತಃ ವೈದ್ಯರು! ಅವರಿಗೇ ಹದಿನೈದು ವರ್ಷ ಬೇಕಾದರೆ ಉಳಿದವರ ಪಾಡೇನು?

ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ಮಿತ್ರರು ಒಮ್ಮೆ ಕಾಗದಗಳನ್ನೆಲ್ಲ ಓದಿ ವಿವರಿಸಿ, ‘ಅಮ್ಮಾ, ಈ ಕೇಸು ನಿಲ್ಲುವುದಿಲ್ಲ’ ಎಂದರಂತೆ. ಆಕೆ ಎದ್ದು ಕೈಮುಗಿದರಂತೆ. ‘ಇಷ್ಟನ್ನು ಡಾಕ್ಟರೇ ಅವತ್ತು ಕೂತು ಹೇಳಿದ್ದರೆ ನಾನು ನಿಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ.’

ನಮ್ಮ ಡಾಕ್ಟರುಗಳು ಈ ಮಾತನ್ನು ಕೇಳಿಸಿಕೊಳ್ಳಬೇಕು. ಉಳಿದವರು ನೆನಪಿಡಬೇಕಾದ್ದು ಎರಡು. ರೋಗಿಯ ಕಡೆಯವರು ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷಗಳ ಗಡುವು. ದುಃಖದ ಹೊತ್ತಿನಲ್ಲಿ ಇದೆಲ್ಲ ಯಾರಿಗೆ ಹೊಳೆಯುತ್ತದೆ? ಅದಕ್ಕೇ ಇಲ್ಲಿ ಬರೆದಿಟ್ಟೆ.