ಪ್ಲಾಟುಗಳ ವಿಂಗಡಣೆಯೂ ಬೆಳೆಯ ಭೂಮಿಯ ಸಂರಕ್ಷಣೆಯೂ

ಮನೆತನಗಳು ಬೆಳೆದಂತೆ ಊರು ಬೆಳೆಯುವುದು ಸಹಜವು. ಒಂದೇ ಒಲೆಯ ಮನೆಯು ಮಕ್ಕಳ ಕಾಲಕ್ಕೆ ಮೂರು ಒಲೆಗಳಾಗುತ್ತದೆ. ಮೂರು ಒಲೆಗಳಿಗೆ ಮೂರು ಮಾಳಿಗೆಗಳು ಬೇಕಾಗುತ್ತವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಹಳೆಯ ಗಾವಠಾಣಗಳು ತುಂಬಿ, ಊರಿಗೆ ಹತ್ತಿದ ಹೊಲಗಳಲ್ಲಿ ಪ್ಲಾಟಿನ ಕಲ್ಲುಗಳು ನಿಂತಿರುವುದನ್ನು ದಾರಿಹೋಕರೆಲ್ಲರೂ ಕಾಣಬಹುದು. ಶಿಗ್ಗಾಂವಿಯ ಕಡೆಗೆ ಪುಣೆ-ಬೆಂಗಳೂರು ಹೆದ್ದಾರಿಯು ಹೊಲಗಳ ಬೆಲೆಯನ್ನು ಮತ್ತಷ್ಟು ಏರಿಸಿದೆ. ಜನರಿಗೆ ಮನೆ ಬೇಡವೆಂದು ಯಾರೂ ಹೇಳಲಾರರು. ಆದರೆ ಆ ಮನೆಗಳು ಯಾವ ಭೂಮಿಯ ಮೇಲೆ ಏಳಬೇಕೆಂಬುದು ಊರ ಪ್ರಮುಖರೂ ಜಮೀನುದಾರರೂ ಕೂಡಿ ವಿಚಾರಿಸತಕ್ಕ ಸಂಗತಿಯಾಗಿದೆ.

ಈ ವಿಚಾರವು ಹೊಸದಲ್ಲ. ಎರೆಸೀಮೆಯ ಹಳೆಯ ಊರುಗಳನ್ನು ಲಕ್ಷ್ಯವಿಟ್ಟು ನೋಡಿದರೆ, ಅವುಗಳಲ್ಲಿ ಬಹಳಷ್ಟು ಗಟ್ಟಿಯಾದ ಗರಸಿನ ದಿಬ್ಬದ ಮೇಲೆ ಕುಳಿತಿರುವುದೂ ಎರೆಹೊಲಗಳು ಅದರ ಕೆಳಗೆ ಹಬ್ಬಿರುವುದೂ ಕಂಡುಬರುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕಟ್ಟಿದ ಗೋಡೆಯೂ ಅದರೊಡನೆ ಏಳುತ್ತ ಇಳಿಯುತ್ತ ಸೀಳುತ್ತದೆ. ಅಲ್ಲಿ ಮನೆ ಕಟ್ಟುವವನು ಎರೆಯನ್ನು ದಾಟಿ ಗಟ್ಟಿ ನೆಲ ಸಿಗುವವರೆಗೆ ಅಡಿಪಾಯವನ್ನು ಇಳಿಸಬೇಕಾಗುತ್ತದೆ. ಇದರ ವೆಚ್ಚವು ಬಡವನ ಮೇಲೆಯೇ ಬೀಳುತ್ತದೆ. ಅದೇ ಎರೆಯು ಹಿಂಗಾರಿಯ ಜೋಳಕ್ಕೂ ಕಡಲೆಗೂ ಹತ್ತಿಗೂ ತಿಂಗಳುಗಟ್ಟಲೆ ಹಸಿಯನ್ನು ಹಿಡಿದಿಟ್ಟು ಉಣಿಸುತ್ತದೆ. ಬೆಳೆಗೆ ಉತ್ತಮವಾದ ನೆಲವು ಗೋಡೆಗೆ ಕನಿಷ್ಠವು. ಗೋಡೆಗೆ ಉತ್ತಮವಾದ ಮಡ್ಡಿಯು ಬೆಳೆಗೆ ಬಡವು. ಹಿರಿಯರು ಈ ಮಾತನ್ನು ಅರಿತು ನಡೆದರು. ಈಗ ರಸ್ತೆಯ ಸಮೀಪವೊಂದನ್ನೇ ನೋಡಿ ಪ್ಲಾಟು ಹಾಕುವ ರೂಢಿಯು ಈ ಅರಿವನ್ನು ಮರೆಸುತ್ತಲಿದೆ.

ನಾಲ್ಕು ತಾಲೂಕುಗಳ ಭೂಮಿಯು ಒಂದೇ ಬಗೆಯದಲ್ಲ. ಹಾನಗಲ್ಲ ಸೀಮೆಯು ಮಲೆನಾಡಿನ ಅಂಚಿನದು. ಅಲ್ಲಿ ಕೆರೆಗಳ ಕೆಳಗೂ ಧರ್ಮಾ ಜಲಾಶಯದ ಕಾಲುವೆಯ ಕೆಳಗೂ ಭತ್ತದ ಗದ್ದೆಗಳುಂಟು. ಸವಣೂರು ಎಲೆಬಳ್ಳಿಯ ತೋಟಗಳಿಗೆ ಹೆಸರಾದುದು. ಹಿರೇಕೆರೂರು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿದೆ. ಇಂಥ ಗದ್ದೆ ತೋಟಗಳು ಒಂದು ತಲೆಮಾರಿನ ದುಡಿಮೆಯಿಂದ ಆದವುಗಳಲ್ಲ. ಕೆರೆಯ ಮಣ್ಣು ಹೊಡೆದು, ಗೊಬ್ಬರ ಹಾಕಿ, ಮಡಿಗಳನ್ನು ಸಮ ಮಾಡಿ ಅಜ್ಜ ಮುತ್ತಜ್ಜರು ಅವುಗಳನ್ನು ಸಿದ್ಧಪಡಿಸಿದರು. ಮೇಲ್ಮಣ್ಣು ತಾನಾಗಿ ಒಂದು ಅಂಗುಲ ಕೂಡಲು ನೂರಾರು ವರುಷಗಳು ಬೇಕು. ಅದರ ಮೇಲೆ ಗರಸು ಸುರಿದು ಉರುಳೆಯನ್ನು ಹಾಯಿಸಲು ಒಂದು ವಾರ ಸಾಕು. ಆಮೇಲೆ ಆ ನೆಲವನ್ನು ತಿರುಗಿ ಹೊಲ ಮಾಡುವುದು ಆಗದ ಮಾತು.

ಲೆಕ್ಕವನ್ನೂ ಹಾಕಿ ನೋಡಬಹುದು. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ರಸ್ತೆ, ಗಟಾರ, ಬಯಲುಗಳಿಗಾಗಿ ನೂರಕ್ಕೆ 45 ಪಾಲು ಬಿಟ್ಟರೆ, 30 ಅಡಿಗೆ 40 ಅಡಿಯ ಪ್ಲಾಟುಗಳು 20 ದೊರೆಯುತ್ತವೆ. ಅದೇ ಎಕರೆಯು ವರುಷಕ್ಕೆ 16 ಕ್ವಿಂಟಲ್ ಭತ್ತವನ್ನು ಕೊಡುವ ಗದ್ದೆಯಾಗಿದ್ದರೆ, ಅದರ ಅಕ್ಕಿಯು ಸುಮಾರು ಹತ್ತೂವರೆ ಕ್ವಿಂಟಲ್ ಆಗುತ್ತದೆ. ತಲೆಗೆ ತಿಂಗಳಿಗೆ 10 ಕಿಲೋದಂತೆ ಎಂಟೊಂಬತ್ತು ಜನರ ವರುಷದ ಅನ್ನವು ಅದು. ಇಪ್ಪತ್ತು ಮನೆಗಳು ಮಡ್ಡಿಯ ಮೇಲೆಯೂ ಏಳಬಹುದು. ಆ ಅನ್ನವು ಮಡ್ಡಿಯಿಂದ ಬರಲಾರದು.

ಹೊಲದ ಒಡೆಯನಿಗೆ ಮಾತ್ರ ಇದರ ಲಾಭ ಹಾನಿಗಳು ತಟ್ಟುವುದಾದರೆ ಊರವರು ವಿಚಾರಿಸಬೇಕಾದ ಕಾರಣವಿರಲಿಲ್ಲ. ಆದರೆ ನೀರಿಗೆ ಬಾಂದುಕಲ್ಲಿನ ಗೊತ್ತಿಲ್ಲ. ಅಚ್ಚುಕಟ್ಟಿನ ನಡುವೆ ಪ್ಲಾಟುಗಳಾದರೆ ಹೊಲಗಾಲುವೆಯು ಮುಚ್ಚಿ ಕೆಳಗಿನ ಗದ್ದೆಗೆ ನೀರು ತಪ್ಪುತ್ತದೆ. ಮನೆಗಳ ಬಚ್ಚಲನೀರು ಅದೇ ಕಾಲುವೆಯಲ್ಲಿ ಹರಿಯತೊಡಗುತ್ತದೆ. ಮುಂಬಯಿ ಪ್ರಾಂತದ 1942ರ ಭೂಸುಧಾರಣೆಯ ಕಾಯ್ದೆಯ ಕಾಲದಿಂದ ಈ ಭಾಗದಲ್ಲಿ ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಒಡ್ಡುಗಳನ್ನು ಹಾಕುವ ಕೆಲಸವು ನಡೆದುಬಂದಿದೆ. ಮೇಲಿನ ಹೊಲದವನು ಪ್ಲಾಟಿಗಾಗಿ ಒಡ್ಡನ್ನು ಕಿತ್ತರೆ ಕೆಳಗಿನವನ ಮಣ್ಣು ಹಳ್ಳದ ಪಾಲಾಗುತ್ತದೆ.

ಇನ್ನೊಂದು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಸಾಲದಲ್ಲಿ ಮುಳುಗಿದ ಒಕ್ಕಲಿಗನಿಗೆ, ಮಗಳ ಮದುವೆಯೋ ಮಗನ ವಿದ್ಯಾಭ್ಯಾಸವೋ ಎದುರಾದವನಿಗೆ, ಹತ್ತು ವರುಷದ ಪೀಕಿಗಿಂತ ಪ್ಲಾಟಿನ ಹಣವು ಹೆಚ್ಚಾಗಿ ತೋರಿದರೆ ಅದರಲ್ಲಿ ಅವನ ತಪ್ಪಿಲ್ಲ. ಮನೆಯಿಲ್ಲದ ಕೂಲಿಕಾರನಿಗೆ ನಿವೇಶನ ಬೇಕೇ ಬೇಕು. ಭೂಮಿಯನ್ನು ಉಳಿಸಬೇಕೆಂಬ ಹೆಸರಿನಲ್ಲಿ ಇವರಿಬ್ಬರ ಬಾಯಿ ಮುಚ್ಚಿಸುವುದು ಊರಿನ ಧರ್ಮವಲ್ಲ. ಆದಕಾರಣ ಎಲ್ಲವನ್ನೂ ನಿಷೇಧಿಸುವ ಬದಲು ಭೂಮಿಗಳಿಗೆ ಸರದಿ ಹಚ್ಚುವುದೇ ಹಿತಾವಹವು. ಮೊದಲು ಗಾವಠಾಣದೊಳಗಿನ ಹಾಳುಬಿದ್ದ ಮನೆಗಳ ಜಾಗಗಳು. ಬಳಿಕ ಊರಿಗೆ ಹತ್ತಿದ ಮಡ್ಡಿ ಮತ್ತು ಗರಸಿನ ನೆಲ. ಅದು ಸಾಲದಿದ್ದರೆ ಮಳೆಯಾಶ್ರಿತ ಮಸಾರಿ. ಎರೆ, ಗದ್ದೆ, ತೋಟಗಳು ಎಲ್ಲಕ್ಕೂ ಕಡೆಗೆ.

ಇದಕ್ಕೆ ಕಾಯ್ದೆಯ ಆಧಾರವೂ ಉಂಟು. 1879ರ ಮುಂಬಯಿ ಭೂ ಮಹಸೂಲ ಕಾಯ್ದೆಯ ಕಾಲದಲ್ಲಿಯೂ ಸಾಗುವಳಿಯ ಭೂಮಿಯನ್ನು ಬೇರೆ ಉಪಯೋಗಕ್ಕೆ ತೆಗೆದುಕೊಳ್ಳಲು ಕಲೆಕ್ಟರರ ಅಪ್ಪಣೆ ಬೇಕಾಗಿತ್ತು. ಕರ್ನಾಟಕದ 1964ರ ಭೂ ಕಂದಾಯ ಕಾಯ್ದೆಯ 95ನೆಯ ಕಲಮು ಅಂಥ ಬಿನ್‌ಶೇತಕಿ ಅಪ್ಪಣೆಗೆ ಸಂಬಂಧಿಸಿದ್ದು. ಸಾರ್ವಜನಿಕರ ಹಿತಕ್ಕೆ ವಿರುದ್ಧವಾದ ಅರ್ಜಿಯನ್ನು ತಳ್ಳಿಹಾಕುವ ಅಧಿಕಾರವನ್ನು ಅದು ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. ಆದರೆ ಯಾವುದು ಹಿತವೆಂಬುದನ್ನು ಹಾವೇರಿಯ ಕಚೇರಿಯಲ್ಲಿ ಕುಳಿತವರು ಕಾಗದದಿಂದಷ್ಟೇ ಹೇಗೆ ತಿಳಿಯಬೇಕು? ಉತಾರದಲ್ಲಿ ಸರ್ವೆ ನಂಬರೂ ಕ್ಷೇತ್ರವೂ ಕಾಣುತ್ತವೆ. ಕೆಳಗಿನ ಗದ್ದೆಗೆ ನೀರು ಯಾವ ಬದುವಿನ ಮಗ್ಗುಲಿನಿಂದ ಹೋಗುತ್ತದೆಂಬುದು ಕಾಣುವುದಿಲ್ಲ. ಅದನ್ನು ಬಲ್ಲವರು ಊರವರು. ಅವರು ಅದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ಠರಾವಿನ ಮೂಲಕ ಬರವಣಿಗೆಯಲ್ಲಿ ತಿಳಿಸಬೇಕು. ಕಲ್ಲು ನೆಟ್ಟ ಮೇಲೆ ಎತ್ತುವ ತಕರಾರು ನೆರೆಹೊರೆಯವರಲ್ಲಿ ವೈರವನ್ನು ಬೆಳೆಸುವುದಷ್ಟೆ. ಅಪ್ಪಣೆಯಿಲ್ಲದೆ ಗುಂಟೆಗಟ್ಟಲೆ ಹರಿದು ಮಾರಿದ ತುಂಡುಗಳನ್ನು ಕೊಂಡವರಂತೂ ರಸ್ತೆಯೂ ಗಟಾರವೂ ಇಲ್ಲದೆ, ಸರಿಯಾದ ಉತಾರವೂ ಸಿಗದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಯಾವುದೊಂದು ಹೊಲವನ್ನು ಪ್ಲಾಟು ಮಾಡುವ ಮಾತು ಬಂದಾಗ ಪ್ರಮುಖರು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ನೆಲವು ಎಂಥದು, ನೀರಾವರಿಯುಳ್ಳದ್ದೋ? ಇದಕ್ಕಿಂತ ಬಡವಾದ ನೆಲವು ಊರ ಹತ್ತಿರ ದೊರೆಯುವುದೋ? ಇದರಿಂದ ಯಾರ ಕಾಲುವೆ, ಒಡ್ಡು, ಬಂಡಿದಾರಿಗಳು ಕೆಡುವವು? ಈಗಾಗಲೇ ಹಾಕಿದ ಪ್ಲಾಟುಗಳಲ್ಲಿ ಮನೆಗಳು ಎದ್ದಿರುವವೋ, ಕಾಂಗ್ರೆಸ್ ಕಸ ಬೆಳೆದಿರುವುದೋ? ಕೊನೆಯ ಪ್ರಶ್ನೆಯು ಮುಖ್ಯವಾದುದು. ಮನೆಯೂ ಇಲ್ಲದೆ ಬೆಳೆಯೂ ಇಲ್ಲದೆ ಬೀಳುಬಿದ್ದ ಪ್ಲಾಟಿನಿಂದ ಊರಿಗೆ ಎರಡು ಬಗೆಯ ನಷ್ಟವು.

1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗೌಡಕಿಯು ಹೋಯಿತು. ಆದರೆ ಹಿರಿಯರ ಮಾತಿಗೆ ಊರಲ್ಲಿ ಇಂದಿಗೂ ತೂಕವಿದೆ. ಆ ತೂಕವನ್ನು ಅವರು ಈ ಕೆಲಸಕ್ಕೆ ಹಾಕಬೇಕು. ಮೊದಲ ಅರ್ಜಿಯು ಬರುವುದಕ್ಕಿಂತ ಮುಂಚೆ ಪಂಚಾಯತಿಯವರೂ ಜಮೀನುದಾರರೂ ಕೂಡಿ ಊರ ಸುತ್ತಿನ ಹೊಲಗಳನ್ನು ಒಂದು ದಿನ ತಿರುಗಿ ನೋಡಿ, ಮನೆಗೆ ಯಾವುದು, ಬೆಳೆಗೆ ಯಾವುದು ಎಂದು ಊರ ನಕಾಶೆಯ ಮೇಲೆ ಗುರುತು ಮಾಡಿಡುವುದು ಒಳ್ಳೆಯದು. ಒಂದು ದಿನದ ತಿರುಗಾಟದಿಂದ ಮೊಮ್ಮಕ್ಕಳ ಕಾಲಕ್ಕೂ ಎರೆಹೊಲವು ಉಳಿಯುವುದಾದರೆ ಆ ಶ್ರಮವು ಹೆಚ್ಚಿನದಲ್ಲ.